ಮಾದೇಶನಿಗೆ ಹೊದಿಸಿದ ಮೂರು ಶಾಲು

ಹೋದ ತಿಂಗಳು ಇಬ್ಬರು ಹುಡುಗಿಯರು ನಮ್ಮ ಮನೆ ಹುಡುಕಿಕೊಂಡು ಬಂದಿದ್ದರು. ನಾನು ಬಿಟ್ಟುಬಂದ ಕೆಲಸಕ್ಕೆ ಹೊಸದಾಗಿ ಸೇರಿದವರು. "ಮೇಡಂ, ನಿಮ್ಮ ಕಾಲದಲ್ಲಿ ಸ್ವಯಂಸೇವಕರು ವರ್ಷಗಟ್ಟಲೆ ಉಳೀತಿದ್ರಂತೆ. ನಮಗೆ ಮೂರು ತಿಂಗಳೂ ನಿಲ್ಲಲ್ಲ. ಹೇಗೆ ಹಿಡಿದಿಟ್ಕೊಳ್ತಿದ್ರಿ?" ಎಂದು ಕೇಳಿದರು. ಕಾಫಿ ಕೊಟ್ಟೆ, ಚಕ್ಕುಲಿ ಕೊಟ್ಟೆ, ಆ ಮಾತು ಈ ಮಾತು ಆಡಿ ಕಳಿಸಿದೆ. ಉತ್ತರ ಕೊಡಲಿಲ್ಲ. ಗೊತ್ತಿರಲಿಲ್ಲ ಅಂತಲ್ಲ, ಚೆನ್ನಾಗಿ ಗೊತ್ತಿತ್ತು, ತೊಂದರೆಯೇ ಅದು. ಅವರು ಹೋದ ಮೇಲೆ ಸಮಾಧಾನವಾಗದೆ ಇದನ್ನು ಬರೆಯಲು ಕೂತಿದ್ದೇನೆ.

ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ನಮ್ಮದು ಸಣ್ಣ ಸಂಸ್ಥೆ. ರಾಮನಗರದಲ್ಲಿ ಒಂದು ಬಾಡಿಗೆ ಕೋಣೆ, ಎರಡು ಬೀರು, ಗಾಳಿ ಇಳಿದ ಒಂದಷ್ಟು ಚೆಂಡು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯ ಹಳ್ಳಿಗಳಲ್ಲಿ ಭಾನುವಾರ ಬೆಳಿಗ್ಗೆ ಮಕ್ಕಳ ದಳ ನಡೆಸುತ್ತಿದ್ದೆವು. ಖೋಖೋ, ಹಗ್ಗದ ಗಂಟು, ಗಾಯಕ್ಕೆ ಪಟ್ಟಿ ಕಟ್ಟುವುದು, ಕೋಲಾಟ, ವರ್ಷಕ್ಕೊಮ್ಮೆ ಬೆಟ್ಟ ಹತ್ತುವುದು. ದಳ ನಡೆಸುವ ಮುಖಂಡರು ಆಯಾ ಊರಿನವರೇ, ಸಂಬಳವಿಲ್ಲದವರು. ಸಂಬಳ ಇದ್ದದ್ದು ಸಂಘಟಕಿಯಾದ ನನಗೆ. ಸಂಬಳವಿಲ್ಲದವರನ್ನು ಹುಡುಕುವುದು, ಸಿಕ್ಕವರು ಓಡಿಹೋಗದಂತೆ ನೋಡಿಕೊಳ್ಳುವುದು, ಇಷ್ಟೇ ನನ್ನ ಕೆಲಸ.

ನಮ್ಮಲ್ಲಿ ಒಂದು ನಿಯಮವಿತ್ತು. ಮಕ್ಕಳ ಜೊತೆ ಯಾವಾಗಲೂ ಇಬ್ಬರು ದೊಡ್ಡವರಿರಬೇಕು. ಒಬ್ಬರು ಮುಖಂಡರು, ಇನ್ನೊಬ್ಬರು ಯಾವುದಾದರೂ ಮಗುವಿನ ತಂದೆಯೋ ತಾಯಿಯೋ, ಸರದಿಯ ಮೇಲೆ. ಮೂವತ್ತು ಮಕ್ಕಳ ದಳದಲ್ಲಿ ಒಂದು ಮನೆಗೆ ವರ್ಷಕ್ಕೆ ಎರಡು ಭಾನುವಾರ ಬಂದರೆ ಹೆಚ್ಚು. ಕಾಗದದ ಮೇಲೆ ಇದಕ್ಕಿಂತ ಸುಲಭದ ನಿಯಮ ಇನ್ನೊಂದಿಲ್ಲ. ನನ್ನ ಇಡೀ ಸೇವಾವಧಿಯಲ್ಲಿ ಒಂದೇ ಒಂದು ಊರಿನಲ್ಲೂ ಇದು ವರ್ಷಪೂರ್ತಿ ನಡೆಯಲಿಲ್ಲ.

ಮಾಗಡಿ ಹತ್ತಿರದ ಒಂದು ಹಳ್ಳಿಯಲ್ಲಿ ಪೋಷಕರ ಸಭೆ ಕರೆದರೆ ಬಂದವರೆಲ್ಲ ಅಜ್ಜಿಯರು. ಎಲೆ ಅಡಿಕೆ ಹಾಕಿಕೊಂಡು ಸಾಲಾಗಿ ಕೂತರು. ನಾನು ಮುಕ್ಕಾಲು ಗಂಟೆ ಭಾಷಣ ಬಿಗಿದೆ. ಕೊನೆಗೆ ಒಬ್ಬಾಕೆ, "ಎಲ್ಲಾ ಚೆಂದಾಗಿ ಹೇಳ್ದೆ ಕಣವ್ವ. ಈಗ ರೇಷನ್ನು ಯಾವತ್ತು ಕೊಡ್ತೀಯ ಅದ್ ಹೇಳು" ಅಂದಳು. ರಾಮನಗರದಲ್ಲಿ ಕಥೆಯೇ ಬೇರೆ. ಅಲ್ಲಿ ಅಪ್ಪ ಅಮ್ಮ ಇಬ್ಬರೂ ರೇಷ್ಮೆ ನೂಲು ತೆಗೆಯುವ ಮನೆಗಳು ಹೆಚ್ಚು. ಕುದಿಯುವ ನೀರಿನಲ್ಲಿ ಗೂಡು ಬಿದ್ದ ಮೇಲೆ ಭಾನುವಾರ ಅಂತ ಎದ್ದು ಬರಲು ಆಗುತ್ತದೆಯೇ? ಅವರ ಬೆರಳ ತುದಿ ನೋಡಿದ ಮೇಲೆ ಬನ್ನಿ ಎಂದು ಕೇಳಲು ನನಗೇ ಬಾಯಿ ಬರುತ್ತಿರಲಿಲ್ಲ.

ಎಲ್ಲ ಕಡೆಯೂ ಹೀಗೆ ಬಾಯಿ ಕಟ್ಟಿಕೊಂಡಿದ್ದೆ ಎಂದುಕೊಳ್ಳಬೇಡಿ. ಮೊದಮೊದಲು ನನ್ನದು ಬಹಳ ಚುರುಕು ನಾಲಿಗೆ. ಚನ್ನಪಟ್ಟಣದ ಒಂದು ಸಭೆಯಲ್ಲಿ, "ಮಕ್ಕಳ ಮೇಲೆ ಪ್ರೀತಿ ಇದ್ದವರು ಸಮಯ ಮಾಡ್ಕೊಂಡು ಬರ್ತಾರೆ, ಇಲ್ಲದವರು ನೆಪ ಹೇಳ್ತಾರೆ" ಅಂದುಬಿಟ್ಟೆ. ಹಿಂದಿನ ಸಾಲಿನಲ್ಲಿದ್ದ ಒಬ್ಬಾತ ಎದ್ದು ನಿಂತ. ಮರದ ಗೊಂಬೆ ಮಾಡುವವನು, ಅರಗಿನ ಬಣ್ಣ ಉಗುರಲ್ಲೆಲ್ಲ ಕೂತಿತ್ತು. "ಪ್ರೀತಿ ಇರೋದ್ಕೇ ಭಾನ್ವಾರನೂ ಮಿಷನ್ ಮುಂದೆ ಕೂರೋದು ಮೇಡಂ" ಅಂದು ಹೊರಟುಹೋದ. ಅವನ ಇಬ್ಬರು ಮಕ್ಕಳು ಮತ್ತೆ ದಳಕ್ಕೆ ಬರಲಿಲ್ಲ. ಇಬ್ಬರೂ ಒಳ್ಳೆಯ ಓಟಗಾರರು. ನಾನು ಕ್ಷಮೆ ಕೇಳಲು ಹೋದೆ, ಅವನು ಕುರ್ಚಿ ಹಾಕಿ ಕೂರಿಸಿದ, ಒಂದು ಬುಗುರಿ ಕೈಗಿಟ್ಟು ನಗುನಗುತ್ತಾ ಮಾತಾಡಿದ. ಮಕ್ಕಳನ್ನು ಮಾತ್ರ ಕಳಿಸಲಿಲ್ಲ.

ಆಗ ನಮ್ಮ ಕಾರ್ಯದರ್ಶಿಗಳು ನನ್ನನ್ನು ಕರೆದು ಬುದ್ಧಿ ಹೇಳಿದರು. ನಿವೃತ್ತ ಹೆಡ್‌ಮಾಸ್ಟರು, ಸಮಾರಂಭವೆಂದರೆ ಪ್ರಾಣ. ಬೀರು ತೆಗೆದು ಒಳಗಿದ್ದ ಶಾಲುಗಳ ರಾಶಿ ತೋರಿಸಿದರು. "ಜನರನ್ನ ಬೈದು ಉಳಿಸ್ಕೊಂಡೋರು ಯಾರಮ್ಮ? ಬಿಟ್ಟುಹೋಗ್ತಾನೆ ಅನ್ನಿಸಿದೋನಿಗೆ ಊರವರ ಮುಂದೆ ಒಂದು ಸನ್ಮಾನ ಮಾಡು. ಆಮೇಲೆ ಹೇಗೆ ಹೋಗ್ತಾನೆ ನೋಡೋಣ" ಅಂದರು.

ನೋಡಿ, ಹುಡುಗಿಯರು ಕೇಳಿದ ಗುಟ್ಟು ಇದೇ. ಮುಖಂಡನ ಮುಖ ಬಾಡಿದ್ದು ಕಂಡರೆ, ಎರಡು ವಾರ ತಡವಾಗಿ ಬಂದರೆ, "ಒಸಿ ಮಾತಾಡ್ಬೇಕಿತ್ತು" ಅಂದರೆ ಸಾಕು, ನಾನು ಒಂದು ಕಾರ್ಯಕ್ರಮ ಇಟ್ಟುಬಿಡುತ್ತಿದ್ದೆ. ಮೈಸೂರು ಪೇಟ, ಶಾಲು, ಹಾರ, ಹಣ್ಣಿನ ಬುಟ್ಟಿ, ಮೇಲೊಂದು ಫೋಟೊ. "ಇಂಥ ನಿಸ್ವಾರ್ಥ ಸೇವಕ ನಿಮ್ಮೂರಿಗೆ ಸಿಕ್ಕಿದ್ದು ಪುಣ್ಯ" ಎಂದು ಮೈಕಿನಲ್ಲಿ ಹೇಳುತ್ತಿದ್ದೆ. ಹೆಂಡತಿ ಮಕ್ಕಳು, ಬೀಗರು ಬಿಜ್ಜರು ಎಲ್ಲರ ಎದುರು ತಲೆ ಮೇಲೆ ಪೇಟ ಇಟ್ಟಮೇಲೆ ಮಾರನೆಯ ಭಾನುವಾರ ಬರದಿರಲು ಯಾರಿಗೆ ಧೈರ್ಯ ಬಂದೀತು? ಈ ಉಪಾಯದಿಂದ ಹತ್ತಾರು ದಳ ಉಳಿಸಿದೆ ಎಂದು ನನಗೆ ಕೊಂಬು ಬಂದಿತ್ತು.

ಕಬ್ಬಾಳಿನ ದಳವನ್ನು ಉಳಿಸಿದ್ದೂ ಹಾಗೆಯೇ. ಅಲ್ಲಿಯ ಮುಖಂಡ ಮಾದೇಶ. ಹಾರೋಹಳ್ಳಿಯ ಒಂದು ಕಾರ್ಖಾನೆಯಲ್ಲಿ ಕೆಲಸ, ವಾರಕ್ಕೊಂದೇ ರಜೆ, ಭಾನುವಾರ. ಅಣ್ಣನ ಮಗನನ್ನು ಬಿಡಲು ಬಂದವನು ಖೋಖೋ ನೋಡುತ್ತ ನಿಂತ. ಮುಂದಿನ ವಾರ ಸುಣ್ಣದ ಗೆರೆ ಎಳೆದುಕೊಟ್ಟ. ಮೂರನೆಯ ವಾರ ನಾನು ಅವನ ಕೊರಳಿಗೆ ವಿಷಲ್ಲು ಹಾಕಿದೆ. ಅಂಥ ಇನ್ನೊಬ್ಬ ಮುಖಂಡನನ್ನು ನಾನು ಕಾಣೆ. ಮಕ್ಕಳಿಗೆ ಗದರುತ್ತಿರಲಿಲ್ಲ, ಆದರೂ ಅವನ ವಿಷಲ್ಲಿಗೆ ಕಬ್ಬಾಳುದುರ್ಗದ ಬುಡದಲ್ಲಿ ಚದುರಿದ ಮೂವತ್ತು ಮಕ್ಕಳು ಎರಡು ನಿಮಿಷದಲ್ಲಿ ಸಾಲು ನಿಲ್ಲುತ್ತಿದ್ದರು.

ಎರಡನೆಯ ದೊಡ್ಡವರ ಸರದಿ ಮಾತ್ರ ಅಲ್ಲಿಯೂ ನಡೆಯಲಿಲ್ಲ. ಯಾರಿಗೋ ಹಿಪ್ಪುನೇರಳೆ ಸೊಪ್ಪು ಕೊಯ್ಯುವುದು, ಯಾರಿಗೋ ಕಾರ್ಖಾನೆಯಲ್ಲಿ ಓ.ಟಿ., ಯಾರಿಗೋ ನಾಮಕರಣ. ನಿಯಮ ಮುರಿದರೆ ದಳ ಮುಚ್ಚಬೇಕು. ಆಗ ಮಾದೇಶ ತನ್ನ ಹೆಂಡತಿ ಸವಿತಾಳನ್ನೇ ಕರೆತರತೊಡಗಿದ. ಗಾರ್ಮೆಂಟ್ಸಿಗೆ ಹೋಗುತ್ತಿದ್ದ ಹೆಣ್ಣುಮಗಳು, ಅವಳಿಗೂ ಭಾನುವಾರವೇ ರಜೆ. ಕಂಕುಳಲ್ಲಿ ಎರಡು ವರ್ಷದ ಮಗಳು ದೀಕ್ಷಾ. ಶಾಲೆಯ ಹೊಂಗೆ ಮರದ ಕೆಳಗೆ ಕೂತು ಹಾಜರಿ ಪುಸ್ತಕಕ್ಕೆ ಸಹಿ ಹಾಕುತ್ತಿದ್ದಳು. ಅವಳೂ ಒಬ್ಬ ತಾಯಿಯೇ ತಾನೇ ಎಂದುಕೊಂಡು ನಾನು ಸುಮ್ಮನಾದೆ. ವರ್ಷವಿಡೀ ಒಂದೇ ಸಹಿ. ಮೂವತ್ತು ಮನೆಯವರು ಕೊಡಬೇಕಾದ ಭಾನುವಾರಗಳನ್ನು ಒಂದೇ ಮನೆಯವರು ಕೊಡುತ್ತಿದ್ದಾರೆ ಎಂಬುದು ಪುಸ್ತಕದಲ್ಲಿ ಅಚ್ಚು ಹೊಡೆದಂತೆ ಕಾಣುತ್ತಿತ್ತು. ನಾನು ಕೆಳಗೆ ನನ್ನ ಸಹಿ ಹಾಕುತ್ತಿದ್ದೆ.

ಮರುವರ್ಷದ ವಾರ್ಷಿಕೋತ್ಸವದ ದಿನ ಮಾದೇಶನ ಅಂಗಿ ಜೇಬಿನಲ್ಲಿ ಬಿಳಿ ಕವರಿನ ತುದಿ ಕಂಡಿತು. ಅನುಭವಸ್ಥರ ಕಣ್ಣು, ರಾಜೀನಾಮೆ ಪತ್ರ ಎಂದು ತಕ್ಷಣ ಗೊತ್ತಾಯಿತು. ಅವನು ಹತ್ತಿರ ಬಂದು, "ಮೇಡಂ, ಕಾರ್ಯಕ್ರಮ ಮುಗುದ್ಮೇಲೆ ಒಂದ್ ವಿಷ್ಯ…" ಅನ್ನುವಷ್ಟರಲ್ಲಿ ನಾನು ಮೈಕು ಹಿಡಿದು ಅವನ ಹೆಸರು ಕೂಗಿದೆ. ಬೇರೆ ಊರಿನವನಿಗೆಂದು ತಂದಿದ್ದ ಶಾಲು, ಪೇಟ ಚೀಲದಲ್ಲೇ ಇದ್ದವು. ಊರ ಹಿರಿಯರಿಂದ ಹೊದಿಸಿದೆ. ತಮಟೆ ಬಡಿದರು, ಜನ ಚಪ್ಪಾಳೆ ತಟ್ಟಿದರು. ಮಾದೇಶ ಒಂದು ಕೈಯಲ್ಲಿ ಹಣ್ಣಿನ ಬುಟ್ಟಿ ಹಿಡಿದು, ಇನ್ನೊಂದು ಕೈಯಲ್ಲಿ ಜಾರುವ ಪೇಟ ಹಿಡಿದು ನಿಂತಿದ್ದ. ಕವರು ಜೇಬಿನಲ್ಲೇ ಉಳಿಯಿತು.

ಮುಂದಿನ ಸಾಲಿನಲ್ಲಿ ಸವಿತಾಳ ಮಡಿಲಲ್ಲಿ ದೀಕ್ಷಾ ಕೂತಿದ್ದಳು. ಪಕ್ಕದಲ್ಲೇ ತಮಟೆ ಬಡಿಯುತ್ತಿದ್ದರೂ ಬಾಳೆಹಣ್ಣು ಸುಲಿದು ತಿನ್ನುತ್ತ ಆರಾಮವಾಗಿದ್ದಳು. ನಾನು ಕೆಳಗಿಳಿದು ಅವಳ ಗಲ್ಲ ಹಿಂಡಿ, "ಎಷ್ಟು ಜಾಣ ಮಗು! ಇಷ್ಟು ಗಲಾಟೆಯಲ್ಲೂ ಬೆಚ್ಚಲಿಲ್ಲ ನೋಡು" ಅಂದೆ. ಸವಿತಾ ನನ್ನ ಮುಖವನ್ನೇ ನೋಡಿದಳು. ಆ ನೋಟ ನನಗೆ ಅರ್ಥವಾಗಲು ಮತ್ತೆ ಮೂರೂವರೆ ವರ್ಷ ಹಿಡಿಯಿತು.

ಇದರ ಮಧ್ಯೆ ನಮ್ಮ ಕೆಲಸದ ರೀತಿಯೇ ಬದಲಾಯಿತು. ಮೊದಲು ಹಾಜರಿ ಪುಸ್ತಕ ಬಗಲಲ್ಲಿಟ್ಟುಕೊಂಡು, ಬಸ್ಸಿಳಿದು ಮನೆಮನೆಗೆ ಹೋಗುತ್ತಿದ್ದೆ. ಕಾಲು ಬಿದ್ದುಹೋಗುವಷ್ಟು ನಡಿಗೆ. ಆದರೆ ಯಾರ ಮನೆಯಲ್ಲಿ ಮುದುಕಿ ಮಲಗಿದ್ದಾಳೆ, ಯಾವ ಮಗುವಿಗೆ ಕಣ್ಣು ಸರಿಯಿಲ್ಲ, ಎಲ್ಲವೂ ಜಗಲಿಯ ಮೇಲೆ ಕೂತೇ ತಿಳಿಯುತ್ತಿತ್ತು. ಆಮೇಲೆ ವಾಟ್ಸಾಪ್ ಬಂತು. ಊರಿಗೊಂದು ಪೋಷಕರ ಗುಂಪು ಮಾಡಿದೆ. "ಈ ಭಾನುವಾರ ಯಾರು ಬರ್ತೀರಿ?" ಎಂದು ಹಾಕಿದರೆ ಹೆಬ್ಬೆರಳುಗಳ ಸುರಿಮಳೆ, ಕೈಮುಗಿದ ಚಿತ್ರಗಳು, ಒಬ್ಬ ಪುಣ್ಯಾತ್ಮ ಪ್ರತಿ ಸಲವೂ ಗುಲಾಬಿ ಹೂವು. ಭಾನುವಾರ ಬೆಳಿಗ್ಗೆ ಹೊಂಗೆ ಮರದ ಕೆಳಗೆ ಮತ್ತದೇ ಸವಿತಾ. ನಾನು ಕೋಣೆಯಲ್ಲೇ ಕೂತು ಫೋಟೊ ನೋಡಿ ವರದಿ ಬರೆಯತೊಡಗಿದೆ. ಮನೆಗಳಿಗೆ ಹೋಗುವುದು ನಿಂತೇಹೋಯಿತು.

ಎರಡನೆಯ ಶಾಲು ಮಾರನೆಯ ವರ್ಷ. ಮಾದೇಶ ಫೋನು ಮಾಡಿ, "ಮೇಡಂ, ನಮ್ಮನೇಲಿ ಒಸಿ ತೊಂದ್ರೆ ಐತೆ. ಭಾನ್ವಾರ ಬುಡಿಸ್ಕೊಡಿ" ಅಂದ. "ಆಯ್ತು ಮಾರಾಯ, ರಾಮನಗರಕ್ಕೆ ಬಾ, ಕೂತು ಮಾತಾಡೋಣ" ಅಂದೆ. ಬಂದ. ಬಂದದ್ದು ಜಿಲ್ಲಾ ಮಟ್ಟದ ಸಮಾರಂಭಕ್ಕೆ ಎಂದು ಅವನಿಗೆ ಗೊತ್ತಿರಲಿಲ್ಲ. ಅತ್ಯುತ್ತಮ ಮುಖಂಡ ಎಂದು ಶಾಲು ಹೊದಿಸಿ, ಫಲಕ ಕೊಟ್ಟು ಕಳಿಸಿದೆ. ಏನು ತೊಂದರೆ ಎಂದು ಕೇಳಲೇ ಇಲ್ಲ. ಕೇಳಿದರೆ ಅವನನ್ನು ಬಿಡಬೇಕಾಗುತ್ತದೆ ಎಂಬುದು ನನ್ನ ಒಳಮನಸ್ಸಿಗೆ ತಿಳಿದಿತ್ತು. ಇದನ್ನು ಈಗಲಾದರೂ ಒಪ್ಪಿಕೊಳ್ಳುತ್ತೇನೆ.

ಮೂರನೆಯದನ್ನು ನಾನು ಹೊದಿಸಲಿಲ್ಲ, ಊರಿನ ಪೋಷಕರೇ ಹೊದಿಸಿದರು. ನನ್ನ ವಿದ್ಯೆ ಅವರಿಗೂ ಬಂದುಬಿಟ್ಟಿತ್ತು. ಮಾದೇಶ ಬಿಡುತ್ತಾನಂತೆ ಎಂದು ಯಾರ ಕಿವಿಗೋ ಬಿದ್ದದ್ದೇ ತಡ, ಎಲ್ಲರೂ ಸೇರಿ ಕೆಂಪು ಅಂಚಿನ ಶಾಲು ತಂದರು. ಭಾನುವಾರ ಕೊಡುವುದಕ್ಕಿಂತ ಶಾಲು ಕೊಡುವುದು ಸುಲಭ. ಆ ಫೋಟೊ ಗುಂಪಿನಲ್ಲಿ ಬಂದಾಗ ನಾನೂ ಒಂದು ಹೆಬ್ಬೆರಳು ಒತ್ತಿದೆ.

ನಿವೃತ್ತಿಗೆ ಮೂರು ವರ್ಷವಿರುವಾಗ ಮಾದೇಶನದ್ದೊಂದು ಸಹಿ ತುರ್ತಾಗಿ ಬೇಕಾಯಿತು. ಫೋನು ಹತ್ತಲಿಲ್ಲ. ಬಹಳ ದಿನಗಳ ಮೇಲೆ ಬಸ್ಸು ಹತ್ತಿ ಕಬ್ಬಾಳಿಗೆ ಹೋದೆ. ಮನೆಯ ಮುಂದೆ ಆರೂವರೆ ವರ್ಷದ ಹುಡುಗಿ ಬೆನ್ನು ಮಾಡಿ ಕೂತು ಸ್ಲೇಟಿನ ಮೇಲೆ ಏನೋ ಬರೆಯುತ್ತಿದ್ದಳು. "ದೀಕ್ಷಾ" ಎಂದು ಕರೆದೆ. ತಿರುಗಲಿಲ್ಲ. ಹತ್ತಿರ ಹೋಗಿ ಜೋರಾಗಿ ಕರೆದೆ. ತಿರುಗಲಿಲ್ಲ. ನನ್ನ ನೆರಳು ಅವಳ ಸ್ಲೇಟಿನ ಮೇಲೆ ಬಿದ್ದಾಗ ಹೌಹಾರಿ ಎದ್ದಳು.

ಬಾಗಿಲಲ್ಲಿ ಸವಿತಾ ನಿಂತಿದ್ದಳು, ಸೊಂಟದಲ್ಲಿ ಎರಡನೆಯ ಮಗು. "ಅವ್ಳಿಗೆ ಕೇಳಕಿಲ್ಲ ಮೇಡಂ" ಅಂದಳು. ಮಳೆ ಬರೋ ಹಾಗಿದೆ ಅನ್ನುವಷ್ಟು ಸಹಜವಾಗಿ.

ಯಾವಾಗ ಗೊತ್ತಾಯಿತು ಎಂದು ಕೇಳಿದೆ. "ನೀವ್ ಕೊಟ್ಟಿದ್ ವಿಷಲ್ಲಿಂದ್ಲೇ ಗೊತ್ತಾಗಿದ್ದು. ಮೂರ್ ವರ್ಷ ಆಗಿತ್ತು ಇವ್ಳಿಗೆ. ಮರದ ಕೆಳ್ಗೆ ಮಣ್ಣಲ್ಲಿ ಆಡ್ತಾ ಕುಂತಿದ್ಲು. ಇವ್ರು ಬೆನ್ನಿಂದ್ಗಡೆನೇ ನಿಂತ್ಕಂಡು ಊದುದ್ರು. ಮಕ್ಳೆಲ್ಲಾ ಓಡ್ಬಂದೊ. ಇವ್ಳು ತಿರುಗಿ ಕೂಡ ನೋಡ್ನಿಲ್ಲ. ಇನ್ನೊಂದ್ಸಲ ಊದುದ್ರು. ಆಮೇಕೆ ಅಲ್ಲೇ ಕುಂತ್ಬುಟ್ರು."

ಬೆಂಗಳೂರಿನಲ್ಲಿ ತೋರಿಸಿದ್ದರಂತೆ. ಕಿವಿಗೆ ಮಿಷನ್ ಕೊಟ್ಟರಂತೆ. ಮಿಷನ್ ಹಾಕಿದರೆ ಸಾಲದು, ಎಳೆಯ ವಯಸ್ಸಿನಲ್ಲೇ ವಾರವಾರ ಬಂದು ಮಾತು ಕಲಿಯಬೇಕು, ತಂದೆ ತಾಯಿ ಜೊತೆಗಿದ್ದು ತಾವೂ ಕಲಿಯಬೇಕು, ತಡ ಮಾಡಿದಷ್ಟೂ ಕಷ್ಟ ಎಂದು ಬಿಡಿಸಿ ಹೇಳಿದ್ದರಂತೆ. ಭಾನುವಾರ ಹೇಳಿಕೊಡುವ ಟೀಚರೂ ಸಿಕ್ಕಿದ್ದರು. ಕನಕಪುರಕ್ಕೊಂದು ಬಸ್ಸು, ಅಲ್ಲಿಂದ ಇನ್ನೊಂದು. ಬೆಳಿಗ್ಗೆ ಹೊರಟರೆ ಸಂಜೆಗೆ ವಾಪಸ್ಸು. ಗಂಡ ಹೆಂಡತಿ ಇಬ್ಬರಿಗೂ ಇದ್ದದ್ದು ಭಾನುವಾರ ಒಂದೇ. ಆ ಭಾನುವಾರ ನನ್ನ ಹಾಜರಿ ಪುಸ್ತಕದಲ್ಲಿತ್ತು.

"ಆ ಲೆಟ್ರು ನಾನೇ ಬರ್ದಿದ್ದು" ಅಂದಳು ಸವಿತಾ. "ಅವ್ರ ಅಕ್ಷರ ಚೆಂದಾಗಿಲ್ಲ, ಮೇಡಂ ಏನಂದ್ಕೊಂಡಾರು ಅಂತ. ಎಲ್ಲಾ ಬರ್ದಿದ್ದೆ, ಮಗೀನ್ ವಿಷ್ಯ, ಟೀಚರ್ ವಿಷ್ಯ. ಜೇಬಲ್ ಮಡಿಕ್ಕೊಂಡ್ ಹೋದೋರು ತಲೆ ಮ್ಯಾಲೆ ಪೇಟ ಮಡಿಕ್ಕೊಂಡ್ ಬಂದ್ರು." ಒಳಗೆ ಹೋಗಿ ಕುಡಿಯಲು ನೀರು ತಂದುಕೊಟ್ಟಳು.

ಶಿಫ್ಟು ಮುಗಿಸಿ ಮಾದೇಶ ಬಂದ. ನನ್ನನ್ನು ಕಂಡು ಅವನಿಗೇ ಗಾಬರಿ, ತಾನೇ ತಪ್ಪು ಮಾಡಿದವನ ಹಾಗೆ. "ಯಾಕೋ ಹೇಳ್ಲಿಲ್ಲ? ಒಂದು ಮಾತು ಯಾಕೋ ಹೇಳ್ಲಿಲ್ಲ?" ಎಂದು ಕೇಳಿದೆ. ನನ್ನ ದನಿ ಜೋರಾಗಿತ್ತು. ಅಳು ಬರುವಾಗ ನಾನು ಗದರುತ್ತೇನೆ, ಅದು ನನ್ನ ಹಳೆಯ ಕೆಟ್ಟ ಅಭ್ಯಾಸ.

"ಹೆಂಗ್ ಹೇಳಾದು ಮೇಡಂ? ಊರೆಲ್ಲಾ ಚಪ್ಪಾಳೆ ತಟ್ತಾ ಐತೆ. ದೊಡ್ಡೋರು ಕೈಯಾರ ಶಾಲು ಹೊದುಸ್ತಾವ್ರೆ. ಆವಾಗ ಜೇಬ್ಗೆ ಕೈ ಹಾಕಿ ಕಾಗ್ದ ತಗ್ಯಕ್ಕಾಯ್ತದಾ?" ಅಂದ. ದೀಕ್ಷಾಳ ತಲೆ ಸವರುತ್ತ, "ಆ ಮಕ್ಳೂ ನನ್ ಮಕ್ಳೇ ಅಲ್ವಾ ಅಂತನೂ ಅನ್ನುಸ್ತಿತ್ತು. ನಾ ಬುಟ್ರೆ ದಳ ಮುಚ್ಚೋಯ್ತದೆ ಅಂತ ನೀವೇ ಹೇಳಿದ್ರಿ" ಅಂದ.

ಹೌದು, ನಾನೇ ಹೇಳಿದ್ದೆ.

ಆ ವಾರವೇ ಕಬ್ಬಾಳಿನಲ್ಲಿ ಪೋಷಕರ ಸಭೆ ಕರೆದೆ. ಮನೆಮನೆಗೆ ನಡೆದು ಕರೆದೆ, ಅದಕ್ಕೇ ತುಂಬ ಜನ ಬಂದರು. ಮಾದೇಶನಿಗೆ ಇನ್ನು ಮುಂದೆ ಭಾನುವಾರ ರಜೆ, ನೀವು ಸರದಿಯಲ್ಲಿ ಬಂದರೆ ಮಾತ್ರ ದಳ ಉಳಿಯುತ್ತದೆ ಅಂದೆ. ಯಾಕೆಂದೂ ಅವನ ಒಪ್ಪಿಗೆ ಪಡೆದೇ ಹೇಳಿದೆ. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಗಂಡಸರು ತಲೆ ತಗ್ಗಿಸಿದರು. ಕೆಟ್ಟ ಜನವಲ್ಲ ಅವರು. ಒಂದೂ ಬಿಡುವಿನ ದಿನ ಕಾಣದ ಜನ. ಕೊನೆಗೆ ಹಿಂದಿನಿಂದ ಒಬ್ಬ, "ಮೇಡಂ, ನೀವೇ ಬ್ಯಾರೆ ಯಾರ್ನಾರ ನೋಡಿ. ಶಾಲು-ಗೀಲು ಎಲ್ಲಾ ನಾವು ನೋಡ್ಕತೀವಿ" ಅಂದ. ಅವನು ಒಳ್ಳೆಯ ಮನಸ್ಸಿನಿಂದಲೇ ಅಂದದ್ದು.

ನಾಲ್ಕು ಜನ ಹೆಸರು ಕೊಟ್ಟರು. ಮೊದಲ ಭಾನುವಾರ ಇಬ್ಬರು ಬಂದರು, ಎರಡನೆಯದಕ್ಕೆ ಒಬ್ಬರು. ಮೂರನೆಯ ಭಾನುವಾರ ನಾನೊಬ್ಬಳೇ ಹೊಂಗೆ ಮರದ ಕೆಳಗೆ ಹತ್ತು ಗಂಟೆಯವರೆಗೆ ಕಾದು, ಮಕ್ಕಳನ್ನು ವಾಪಸ್ ಕಳಿಸಿ, ಪುಸ್ತಕಕ್ಕೆ ಅಡ್ಡಗೆರೆ ಎಳೆದು ದಳ ಮುಚ್ಚಿದೆ. ಸಣ್ಣ ಹುಡುಗಿಯೊಬ್ಬಳು, "ಮಾದೇಶಣ್ಣ ಯಾವಾಗ ಬತ್ತಾರೆ ಮಿಸ್?" ಎಂದು ಕೇಳಿದಳು. ಅವರು ಊರಿಗೆ ಹೋಗಿದ್ದಾರೆ ಎಂದು ಸುಳ್ಳು ಹೇಳಿದೆ.

ಆ ಹೊತ್ತಿಗೆ ಮಾದೇಶನ ಮನೆಯವರೆಲ್ಲ ಕನಕಪುರದ ಬಸ್‌ ಸ್ಟ್ಯಾಂಡಿನಲ್ಲಿದ್ದಿರಬೇಕು. ಅಂದಿನಿಂದ ಒಂದು ಭಾನುವಾರವೂ ತಪ್ಪಿಸಿಲ್ಲ. ನಾನೂ ಕೆಲವು ಸಲ ಜೊತೆಗೆ ಹೋದೆ. ಬಸ್ಸಿನಲ್ಲಿ ಕಿಟಕಿ ಗಾಳಿಗೆ ದೀಕ್ಷಾಳಿಗೆ ಹೊದಿಸುತ್ತಿದ್ದದ್ದು ಕೆಂಪು ಅಂಚಿನ ಆ ಮೂರನೆಯ ಶಾಲು. ಮೊದಲೇ ಕರೆತಂದಿದ್ದರೆ ಎಂದು ಟೀಚರು ಒಂದೇ ಸಲ ಅಂದರು, ಮತ್ತೆ ಅನ್ನಲಿಲ್ಲ. ಒಳ್ಳೆಯವರು. ಮೂರು ವರ್ಷದಲ್ಲಿ ಕೆಲವು ಮಾತು ಬಂದಿದೆ. ಅಪ್ಪ, ಅಮ್ಮ, ನೀರು. ಎಲ್ಲಕ್ಕಿಂತ ಸ್ಪಷ್ಟವಾಗಿ ಬರುವುದು ಬಸ್ಸು. ಉಳಿದದ್ದು ಬರುತ್ತದೋ ಇಲ್ಲವೋ ಯಾರೂ ಖಚಿತವಾಗಿ ಹೇಳುತ್ತಿಲ್ಲ.

ನನ್ನ ನಿವೃತ್ತಿಯ ದಿನ ಶಾಲು ಬೇಡ ಎಂದು ಕೈಮುಗಿದು ಕೇಳಿಕೊಂಡಿದ್ದೆ. ಯಾರು ಕೇಳುತ್ತಾರೆ? ರಾಮನಗರದ ಸಭಾಂಗಣದಲ್ಲಿ ವೇದಿಕೆ, ಹೂವಿನ ಹಾರ, ಎಲ್ಲ ಸಿದ್ಧವಾಗಿತ್ತು. ಮೇಲಾಗಿ, ನಮ್ಮ ಹಿರಿಯ ಮುಖಂಡರಿಂದ ಸನ್ಮಾನ ಎಂದು ಮಾದೇಶನ ಹೆಸರು ಕೂಗಿದರು. ಅವನು ಹೆಂಡತಿ ಮಕ್ಕಳೊಂದಿಗೆ ಬಂದಿದ್ದ. ವೇದಿಕೆಗೆ ಬಂದು ನನ್ನ ಹೆಗಲಿಗೆ ಶಾಲು ಹೊದಿಸಿದ. ಅವನ ಕಣ್ಣಲ್ಲಿ ಮುಳ್ಳಿರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು. ನಾನು ಬೇಡ ಅನ್ನಬೇಕೆಂದುಕೊಂಡೆ, ನಾಲಿಗೆ ಏಳಲಿಲ್ಲ. ಜನ ಚಪ್ಪಾಳೆ ತಟ್ಟುತ್ತಿದ್ದರು.

ಮುಂದಿನ ಸಾಲಿನಲ್ಲಿ ದೀಕ್ಷಾ ಕೂತಿದ್ದಳು. ಈಗ ಒಂಬತ್ತು ವರ್ಷ. ಅಕ್ಕಪಕ್ಕದವರ ಕೈ ನೋಡಿ ತಾನೂ ತಟ್ಟತೊಡಗಿದಳು. ನನ್ನನ್ನೇ ನೋಡುತ್ತ, ಹಲ್ಲು ಬಿಟ್ಟು ನಗುತ್ತ ತಟ್ಟಿದಳು. ಸ್ವಲ್ಪ ಹೊತ್ತಿಗೆ ಎಲ್ಲರ ಚಪ್ಪಾಳೆ ನಿಂತಿತು. ನಿಂತದ್ದು ಅವಳಿಗೆ ಗೊತ್ತಾಗಲಿಲ್ಲ. ಇಡೀ ಸಭಾಂಗಣ ಸುಮ್ಮನಿರುವಾಗ ಅವಳೊಬ್ಬಳ ಚಪ್ಪಾಳೆ ಕೇಳುತ್ತಲೇ ಇತ್ತು. ಸವಿತಾ ಅವಳನ್ನು ತಡೆಯಲಿಲ್ಲ, ಮಾದೇಶ ತಡೆಯಲಿಲ್ಲ. ನಾನು ಶಾಲು ಹೊದ್ದು, ಅದು ಮುಗಿಯುವವರೆಗೂ ನಿಂತೇ ಇದ್ದೆ.